ಹದಿನಾರರ ಮೇಲೆ ಇನ್ನೊಂದು ಎಲೆ

ನಮ್ಮ ಮನೆಯ ಹಾಲಿನ ಪಾತ್ರೆಯ ತಳದಲ್ಲಿ ಅಂಗೈಯಗಲದ ಕಪ್ಪು ಕಲೆಯೊಂದಿದೆ. ಸೋಡಾಪುಡಿಯಲ್ಲಿ ನೆನೆಸಿದ್ದಾಯಿತು, ನಿಂಬೆಹೋಳಿನಿಂದ ತಿಕ್ಕಿದ್ದಾಯಿತು, ಅಂಗಡಿಯಿಂದ ತಂದ ನೊರೆನೊರೆಯ ದ್ರವ ಸುರಿದು ದಿನವಿಡೀ ಬಿಟ್ಟದ್ದೂ ಆಯಿತು. ಅದು ಜಗ್ಗುವ ಜಾತಿಯದಲ್ಲ. ಹಾಲನ್ನು ಒಲೆಯ ಮೇಲಿಟ್ಟು, ಹಿಂದಿನ ಅಂಗಳದಲ್ಲಿ ಬಟ್ಟೆ ಹರವುತ್ತ, ತಲೆಯ ಮೇಲೆ ಹಾದುಹೋಗುವ ವಿಮಾನದ ಹೊಟ್ಟೆಯನ್ನು ನೋಡುತ್ತ ನಿಂತುಬಿಟ್ಟವಳು ನಾನೇ. ಒಂದು ಸಲವಲ್ಲ, ಎರಡು ಸಲ. ಎರಡನೆಯ ಸಲ ಹೊಗೆ ಕಂಡರೆ ಕಿರುಚುವ ಯಂತ್ರ ಎಷ್ಟು ಕಿರುಚಿತೆಂದರೆ ಪಕ್ಕದ ಮನೆಯ ಬಿಳಿಯ ಮುದುಕ ಬರಿಗಾಲಲ್ಲಿ ಓಡಿಬಂದ. ಪರದೇಶದ ಈ ಫೆಲ್ಥಮ್ ಊರಿನ ಮನೆಗೆ ನಾವು ಬಂದ ದಿನ, ಇದೇ ಪಾತ್ರೆಯಲ್ಲಿ ಬೇಕೆಂದೇ ಹಾಲು ಉಕ್ಕಿಸಿದಾಗಲೂ ಅದೇ ಯಂತ್ರ ಕಿರುಚಿತ್ತು, ಅದೇ ಮುದುಕ ಓಡಿಬಂದಿದ್ದ. ಅವನಿಗೆ ಪಾಯಸ ಕೊಟ್ಟು ಕಳಿಸಿದ್ದೆವು. ಅದೇ ಹಾಲು, ಅದೇ ಉಕ್ಕು. ಆವತ್ತು ಶುಭ, ಈಗ ಕಾಯಿಲೆ.

ಕಾಯಿಲೆ ಎಂಬ ಮಾತು ನನ್ನದಲ್ಲ, ನನ್ನ ಮಗಳು ವೀಣಾಳದು. ಅವಳು ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸು. ವಯಸ್ಸಾದವರ ವಾರ್ಡಿನಲ್ಲಿ ದಿನವಿಡೀ ಹೆಸರು ಮರೆತವರ, ಊರು ಮರೆತವರ ನಡುವೆ ಓಡಾಡಿ ಮನೆಗೆ ಬಂದರೆ ಮೊದಲು ಕಣ್ಣಿಗೆ ಬೀಳುವವಳು ಇನ್ನೊಬ್ಬ ಮುದುಕಿ. "ಜಿಪಿ ಹತ್ರ ಹೋಗಿ ಒಂದು ಮೆಮೊರಿ ಟೆಸ್ಟ್ ಮಾಡಿಸ್ಕೊಂಡು ಬರೋಣ ಅಮ್ಮ, ಅಷ್ಟೇ" ಎಂದಳು. ನಮ್ಮ ಬಡಾವಣೆಯ ಡಾಕ್ಟರಿಗೆ ಇಲ್ಲಿ ಜಿಪಿ ಎನ್ನುತ್ತಾರೆ. ನಾನು ಒಲ್ಲೆ ಎಂದೆ. "ಹಾಗಾದ್ರೆ ಬೀಗದಕೈ ನನ್ನ ಹತ್ರ ಇರಲಿ" ಎಂದು ನನ್ನ ಕೈಚೀಲದಿಂದ ಮನೆಯ ಬೀಗದಕೈ ತೆಗೆದು ತನ್ನ ಗೊಂಚಲಿಗೆ ಪೋಣಿಸಿಕೊಂಡಳು.

ನಿಮಗೆ ಇದು ಸಣ್ಣ ವಿಷಯವೆನ್ನಿಸಬಹುದು. ಇಲ್ಲಿಯ ಬಾಗಿಲನ್ನು ಎಳೆದರೆ ತಾನೇ ಬೀಗ ಬೀಳುತ್ತದೆ. ಬೀಗದಕೈ ಇಲ್ಲದೆ ಹೊರಗೆ ಕಾಲಿಟ್ಟವಳು ಹೊರಗೇ. ವಾರಕ್ಕೊಮ್ಮೆ ಕೆಂಪು ಬಸ್ಸಿನ ಮೇಲಂತಸ್ತಿನಲ್ಲಿ, ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ, ಮರದ ಕೊಂಬೆಗಳು ಮುಖಕ್ಕೆ ಬಡಿಯುವಂತೆ ಬರುತ್ತಿದ್ದರೂ ಅಲುಗಾಡದೆ ಕೂತು ಹೌನ್ಸ್ಲೋ ಪೇಟೆಗೆ ಹೋಗಿ, ಕರಿಬೇವು, ಹಸಿಮೆಣಸಿನಕಾಯಿ, ಸಿಕ್ಕಿದರೆ ಅವರೆಕಾಯಿ ತರುವುದು ನನ್ನ ಕೆಲಸವಾಗಿತ್ತು. ಕರಿಬೇವನ್ನು ಅಳಿಯಂದಿರೂ ತರಬಲ್ಲರು. ಆ ಮುಂದಿನ ಸೀಟನ್ನು ಯಾರೂ ತಂದುಕೊಡಲಾರರು.

ಜಿಪಿಯ ಬಳಿ ಯಾಕೆ ಹೋಗಲಿಲ್ಲ ಎಂದು ಕೇಳುತ್ತೀರಿ. ನನ್ನ ಅಕ್ಕ ಕೊನೆಗಾಲದಲ್ಲಿ ನನ್ನನ್ನು ಹಾಲು ಹಾಕುವವಳೆಂದು ತಿಳಿದಿದ್ದಳು. ನಾನು ಬಾಗಿಲಿಗೆ ಹೋದಾಗಲೆಲ್ಲ ಪಾತ್ರೆ ಹಿಡಿದು ಬರುತ್ತಿದ್ದಳು. ಅತ್ತು ಕರೆದು ಪ್ರಯೋಜನವಿಲ್ಲವೆಂದು ನಾನೂ ಅರ್ಧ ಲೀಟರು ಕೊಂಡುಹೋಗಿ ಸುರಿದು ಬರುತ್ತಿದ್ದೆ. ಅವಳನ್ನೂ ಮೊದಲು ಒಬ್ಬ ಡಾಕ್ಟರು ಪ್ರಶ್ನೆ ಕೇಳಿದ್ದರು. ಆ ದಿನದಿಂದಾಚೆಗೆ ಮನೆಯಲ್ಲಿ ಅವಳನ್ನು ಯಾರೂ ಏನನ್ನೂ ಕೇಳಲಿಲ್ಲ. ಸಾರಿಗೆ ಉಪ್ಪು ಸಾಕೇ ಎಂದು ಕೂಡ. ನನಗೆ ಹೆದರಿಕೆಯಿದ್ದದ್ದು ಮರೆವಿನದಲ್ಲ, ಆ ಕೇಳದಿರುವುದರದು.

ಹೀಗೆ ಬಾಗಿಲೊಳಗೆ ಕೂತು ನಾನು ಉರಿಯುತ್ತಿದ್ದ ದಿನಗಳಲ್ಲೇ ಮನೆಗೆ ಇಸ್ಪೀಟು ಬಂತು. ಅಳಿಯಂದಿರು ಗುರುರಾಜ, ಧಾರವಾಡದವರು, ವಿಮಾನ ನಿಲ್ದಾಣದಲ್ಲಿ ಸಾಮಾನು ಸಾಗಿಸುವ ವಿಭಾಗದಲ್ಲಿದ್ದಾರೆ. ಇಲ್ಲಿಯ ಕನ್ನಡದವರೆಲ್ಲ ಸೇರಿ ದೀಪಾವಳಿಯ ಸಂಜೆ ಒಂದು ಸಭಾಂಗಣದಲ್ಲಿ ಸುಳ್ಳು ಕ್ಯಾಸಿನೋ ನಡೆಸುವುದೆಂದು ತೀರ್ಮಾನವಾಗಿತ್ತು. ಪ್ಲಾಸ್ಟಿಕ್ ಬಿಲ್ಲೆ, ಬಾಡಿಗೆಯ ಹಸಿರು ಮೇಜು, ಯಾರ ಜೇಬಿಗೂ ನಷ್ಟವಿಲ್ಲ. ಬ್ಲ್ಯಾಕ್‌ಜಾಕ್ ಎಂಬ ಆಟದ ಮೇಜಿನಲ್ಲಿ ಎಲೆ ಹಂಚುವ ಕೆಲಸ ಇವರ ತಲೆಗೆ ಬಿದ್ದಿತ್ತು. ಅಭ್ಯಾಸಕ್ಕೆ ಎದುರಾಳಿ ಬೇಕು. ವೀಣಾ ಸೋಫಾದ ಮೇಲೆ ನಿದ್ದೆಹೋಗುತ್ತಿದ್ದಳು. ಉಳಿದವಳು ನಾನು.

ಅಳಿಯನ ಎದುರಿಗೆ ಕೂತು ಇಸ್ಪೀಟಾಡುವ ಅತ್ತೆಯನ್ನು ನೀವು ನೋಡಿದ್ದೀರೋ ಇಲ್ಲವೋ ಕಾಣೆ, ನಾನಂತೂ ನೋಡಿರಲಿಲ್ಲ. ಮೊದಲ ದಿನ ಕುರ್ಚಿಯನ್ನು ಓರೆ ಮಾಡಿಕೊಂಡು, ಅವರ ಮುಖ ನೋಡದೆ, ಎಲೆಯನ್ನು ಮಾತ್ರ ನೋಡುತ್ತ ಆಡಿದೆ. ಆಟ ಸುಲಭ. ಕೈಯಲ್ಲಿರುವ ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಬರಬೇಕು, ದಾಟಬಾರದು. ದಾಟಿದರೆ ಅಲ್ಲಿಗೇ ಸೋಲು. ಹಂಚುವವನದೊಂದು ಎಲೆ ಕಾಣುತ್ತಿರುತ್ತದೆ, ಇನ್ನೊಂದು ಮಕಾಡೆ. ಸಾಲದೆಂದರೆ ಇನ್ನೊಂದು ಎಲೆ ಕೇಳಬಹುದು, ಸಾಕೆಂದರೆ ನಿಲ್ಲಬಹುದು. ರಾಜ, ರಾಣಿ, ಗುಲಾಮ ಎಲ್ಲರೂ ಇಲ್ಲಿ ಹತ್ತು. ಆ ಸಮಾನತೆ ನನಗೆ ಹಿಡಿಸಿತು. ಎಕ್ಕ ಬೇಕಾದರೆ ಹನ್ನೊಂದು, ಬೇಡವಾದರೆ ಒಂದು. ಮಗಳ ಮನೆಗೆ ಬಂದು ನೆಲೆಸಿದ ತಾಯಿಯ ಹಾಗೆ: ಜಾಗವಿದ್ದರೆ ಹರಡಿಕೊಳ್ಳಬೇಕು, ಇಲ್ಲದಿದ್ದರೆ ಮುದುಡಿಕೊಳ್ಳಬೇಕು.

ಒಣ ಅವರೆಕಾಳನ್ನು ಪಣವಾಗಿಟ್ಟು ಆಡಿದೆವು. ನಾನು ಸೋತೆ. ಮತ್ತೆ ಮತ್ತೆ ಸೋತೆ. ಕಾರಣವನ್ನು ಅಳಿಯಂದಿರೇ ಕಂಡುಹಿಡಿದರು.

"ಅತ್ತೀ, ನಿಮ್ಮ ಕಡೆ ಬರೇ ಹನ್ನೆರಡು ಅದ. ನನ್ನ ಕಡೆ ಹತ್ತು ಕಾಣಸ್ತದ. ಇನ್ನೊಂದು ಎಲಿ ಕೇಳ್ರಿ."

"ಬೇಡಿ, ಇರೋದ್ರಲ್ಲೇ ನಿಲ್ತೀನಿ."

"ಇದೇನು ಪಂಕ್ತಿಯೊಳಗ ಊಟಕ್ಕ ಕೂತೀರೇನು? ನಾಚಿಕೋಬ್ಯಾಡ್ರಿ."

ಅವರು ತಮಾಷೆಗೆ ಹೇಳಿದ್ದು ನನಗೆ ನಾಟಿತು. ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ ನನ್ನ ಹಸಿವು ಎಂದು ಅಭ್ಯಾಸ ಮಾಡಿಕೊಂಡವಳು ನಾನು. 'ಇನ್ನಷ್ಟು ಹಾಕಿ' ಎಂದು ಬಾಯಿಬಿಟ್ಟು ಕೇಳಿದ ನೆನಪೇ ಇಲ್ಲ. ಇಸ್ಪೀಟಿನ ಮೇಜಿನಲ್ಲೂ ಅದೇ ಕೈ, ಅದೇ ಬುದ್ಧಿ. ಹದಿನಾರು ಬಂದಾಗಲಂತೂ ಕಲ್ಲಾಗಿಬಿಡುತ್ತಿದ್ದೆ.

ಆಗ ಅವರು ಒಂದು ಬಣ್ಣದ ಹಾಳೆಯನ್ನು ನನ್ನ ಮುಂದಿಟ್ಟರು. ಚೌಕಾಬಾರದ ಮನೆಗಳ ಹಾಗೆ ಮನೆಮನೆ. ನಿಮ್ಮ ಕೈಯಲ್ಲಿ ಇಷ್ಟಿದ್ದು, ಹಂಚುವವನ ಎಲೆ ಇಂಥದಿದ್ದರೆ ಹೀಗೆ ಮಾಡಿ ಎಂದು ಬಣ್ಣದಲ್ಲೇ ಹೇಳುತ್ತದೆ. ಹಸಿರು ಕೇಳು, ಕೆಂಪು ನಿಲ್ಲು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಬಣ್ಣವಾದರೆ ಓದುವ ಶ್ರಮವಿಲ್ಲ. ಹದಿನಾರರ ಎದುರಿಗೆ ಹತ್ತು ಬಂದರೆ ಏನೆಂದು ಹುಡುಕಿದೆ. ಹಸಿರು. ಕೇಳು ಎನ್ನುತ್ತದೆ.

"ಕೇಳಿದ್ರೆ ದಾಟಿಹೋಗಲ್ವೆ?"

"ಭಾಳ ಸಲ ದಾಟ್ತದ. ನಿಂತ್ರ ಇನ್ನೂ ಹೆಚ್ಚು ಸಲ ಸೋಲ್ತೀರಿ. ಹದಿನಾರು ಅಂದ್ರ ಕೆಟ್ಟ ಕೈರೀ ಅತ್ತೀ. ಎರಡು ಸೋಲಿನೊಳಗ ಸಣ್ಣದನ್ನ ಆರಿಸಿಕೊಳ್ಳೋದು, ಅಷ್ಟ."

ಸತ್ಯ ಹೇಳುತ್ತೇನೆ, ಇಷ್ಟು ನೆಟ್ಟಗೆ ಯಾರೂ ನನ್ನ ಹತ್ತಿರ ಮಾತಾಡಿರಲಿಲ್ಲ. ಆವತ್ತಿನಿಂದ ನಾನು ಈ ಆಟಕ್ಕೆ ಬಿದ್ದೆ. ಪಲ್ಯ ಹೆಚ್ಚುವಾಗ ಹಾಳೆ, ಒಗ್ಗರಣೆ ಹಾಕುವಾಗ ಹಾಳೆ. ಕುರ್ಚಿಯನ್ನು ನೇರ ಮಾಡಿಕೊಂಡು ಅಳಿಯನ ಮುಖ ನೋಡಿಯೇ "ಹಾಕಿ ಇನ್ನೊಂದು" ಎನ್ನುವ ಮಟ್ಟಕ್ಕೆ ಬಂದೆ.

ಹಾಳೆ ಬಾಯಿಗೆ ಬಂದ ಮೇಲೆ ಅವರು ಇನ್ನೊಂದು ಗುಟ್ಟು ಬಿಚ್ಚಿದರು. ಹೋದ ಎಲೆಗಳನ್ನು ಎಣಿಸುತ್ತ ಬಂದರೆ ಉಳಿದ ಎಲೆಗಳ ಹದ ತಿಳಿಯುತ್ತದಂತೆ. ಇದರಲ್ಲಿ ಸೋಜಿಗವೇನೂ ಇಲ್ಲ. ಮದುವೆಮನೆಯ ಪಾಯಸದಲ್ಲಿ ಗೋಡಂಬಿಯೆಲ್ಲ ಮೊದಲ ಪಂಕ್ತಿಗೇ ಹೋಯಿತೋ, ಇನ್ನೂ ತಳದಲ್ಲಿದೆಯೋ ಎಂಬುದನ್ನು ಎರಡನೆಯ ಪಂಕ್ತಿಗೆ ಕಾದು ನಿಂತವರು ಸೌಟಿನ ಮೇಲೆಯೇ ಕಣ್ಣಿಟ್ಟು ತಿಳಿದುಕೊಳ್ಳುವುದಿಲ್ಲವೇ? ಇಲ್ಲಿ ಗೋಡಂಬಿ ಎಂದರೆ ಹತ್ತು, ಚಿತ್ರದೆಲೆ ಮತ್ತು ಎಕ್ಕ. ಅವು ಹೆಚ್ಚು ಉಳಿದಿದ್ದರೆ ಆಡುವವರಿಗೆ ಮೇಲು, ಆಗ ಕಾಳು ಹೆಚ್ಚು ಹಾಕಬೇಕು. ಕ್ಯಾಸಿನೋದವರು ಹೀಗೆ ಎಣಿಸುವವರನ್ನು ಪತ್ತೆಹಚ್ಚಿದರೆ ಮರ್ಯಾದೆಯಿಂದ ಹೊರಗೆ ಕಳಿಸುತ್ತಾರಂತೆ. ಕಣ್ಣೆದುರು ನಡೆದದ್ದನ್ನು ನೆನಪಿಟ್ಟುಕೊಳ್ಳುವುದು ಅಪರಾಧವೆಂದಾದರೆ ನನ್ನ ನಾದಿನಿಯರಲ್ಲಿ ಒಬ್ಬಳೂ ಮನೆಯಲ್ಲಿರಬೇಕಾದವಳಲ್ಲ.

ಎಣಿಸುವ ಪದ್ಧತಿಗಳು ಹಲವು, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಸೀರೆ ಅಂಗಡಿಯಲ್ಲಿ ಕೂತಷ್ಟು ಹುರುಪಿನಿಂದ ನಾನು ಒಂದೊಂದನ್ನೂ ಬಿಡಿಸಿ ನೋಡಿದೆ. ಒಂದು ಪದ್ಧತಿಯಲ್ಲಿ ಐದಕ್ಕೆ ಎರಡು ಸೇರಿಸು, ಮೂರಕ್ಕೆ ಒಂದೇ ಸೇರಿಸು, ಒಂಬತ್ತಕ್ಕೆ ಒಂದು ಕಳೆ, ಹತ್ತಕ್ಕೆ ಎರಡು ಕಳೆ, ಎಕ್ಕವನ್ನು ಬೇರೆಯೇ ಎಣಿಸಿಟ್ಟುಕೊ. "ಇದು ಭಾಳ ಕರೆಕ್ಟ್ ಅದರೀ ಅತ್ತೀ" ಎಂದು ಅಳಿಯಂದಿರು ಅದಕ್ಕೇ ಮನಸೋತರು. ಮನೆಯ ಮೇಲೆ ಒಂದು ವಿಮಾನ ಹಾದುಹೋಗುವಷ್ಟರಲ್ಲಿ ಲೆಕ್ಕ ತಪ್ಪಿ, ವಿಮಾನವನ್ನೇ ಬೈದು ಕೈಚೆಲ್ಲಿದರು. ಇನ್ನೊಂದು ಪದ್ಧತಿ ಸುಲಭವೇ, ಆದರೆ ಕಟ್ಟು ಪೂರ್ತಿ ಮುಗಿದ ಮೇಲೂ ಲೆಕ್ಕ ಸೊನ್ನೆಗೆ ಬರುವುದಿಲ್ಲ, ಏನೋ ಒಂದಿಷ್ಟು ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಪಾತ್ರೆ ತೊಳೆದು ಬೋರಲು ಹಾಕುವವಳು ನಾನು. ತಳದಲ್ಲಿ ಏನಾದರೂ ಉಳಿಸುವ ಲೆಕ್ಕ ನನಗೆ ಆಗಿಬರುವುದಿಲ್ಲ.

ಮೂರನೆಯದು ಬರಿಯ ಮೇಲು-ಕೆಳಗು. ಎರಡರಿಂದ ಆರರವರೆಗಿನ ಚಿಕ್ಕ ಎಲೆ ಹೋದರೆ ಒಂದು ಮೇಲೆ. ಹತ್ತು, ಚಿತ್ರ, ಎಕ್ಕ ಹೋದರೆ ಒಂದು ಕೆಳಗೆ. ಏಳು, ಎಂಟು, ಒಂಬತ್ತಕ್ಕೆ ಏನೂ ಇಲ್ಲ. ಕಟ್ಟು ಮುಗಿದರೆ ಸೊನ್ನೆ. ಬಲ್ಲವರು ಇದನ್ನು ಒರಟು ಪದ್ಧತಿ ಎನ್ನುತ್ತಾರಂತೆ. ಅನ್ನಲಿ. ಯಾರಾದರೂ ಮಾತಾಡಿಸಿದಾಗಲೂ ಕೈಬಿಟ್ಟು ಹೋಗದ ಒರಟು ಲೆಕ್ಕವೇ ನನಗೆ ಸರಿ; ನಯವಾದದ್ದು ಜಾರುತ್ತದೆ. ಸಂಸಾರದಲ್ಲೂ ನಾನು ಆರಿಸಿಕೊಂಡದ್ದು ಅಂಥದನ್ನೇ, ಅದರಿಂದ ಅಂಥ ನಷ್ಟವೇನೂ ಆಗಲಿಲ್ಲ.

ಒಂದು ತೊಡಕಿತ್ತು. ಸೊನ್ನೆಗಿಂತ ಕೆಳಗೆ ಲೆಕ್ಕವಿದೆ ಎಂಬುದನ್ನು ನಾಲ್ಕನೆಯ ಇಯತ್ತೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಹೇಳಿಕೊಟ್ಟದ್ದು ಅಂಗಡಿಗಳ ದೊಡ್ಡ ಕಟ್ಟಡವೊಂದರ ಲಿಫ್ಟು. ಈ ದೇಶದಲ್ಲಿ ನೆಲದ ಮಟ್ಟ ಸೊನ್ನೆ, ಅದರ ಮೇಲೆ ಒಂದು, ಎರಡು; ಅದರ ಕೆಳಗೆ ಕಾರು ನಿಲ್ಲಿಸುವ ಕತ್ತಲೆಯ ಅಂತಸ್ತುಗಳು. ತಲೆಯೊಳಗೊಂದು ಲಿಫ್ಟು ಕಟ್ಟಿಕೊಂಡೆ. ಮೂರು ಬಿತ್ತು, ಮೇಲೆ. ರಾಣಿ ಬಿದ್ದಳು, ಕೆಳಗೆ. ಎಕ್ಕ, ಇನ್ನೂ ಕೆಳಗೆ, ಕಾರುಗಳ ನಡುವೆ. ಐದು, ಮತ್ತೆ ಬೆಳಕಿಗೆ. ಎಂಟಕ್ಕೆ ಬಾಗಿಲು ತೆರೆಯಿತು, ಯಾರೂ ಹತ್ತಲಿಲ್ಲ, ಮುಚ್ಚಿತು. ಈ ವಯಸ್ಸಿನಲ್ಲಿ ತಲೆಯೊಳಗೆ ಏನೋ ಹೊಸದೊಂದು ಸರ್ರನೆ ಓಡಾಡುವುದೆಂದರೆ ಅದರ ಸುಖ ನಿಮಗೆ ಹೇಗೆ ಹೇಳಲಿ? ಮೊಣಕಾಲು ಮೆಟ್ಟಿಲಿಗೆ ಅಳುತ್ತಿತ್ತು. ತಲೆ ಮಾತ್ರ ಲಿಫ್ಟಿನಲ್ಲಿ ಏರಿ ಇಳಿಯುತ್ತಿತ್ತು.

ಒಂದು ಸಂಜೆ ವೀಣಾ ಕಾಫಿ ಕುಡಿಯುತ್ತ ನನ್ನನ್ನೇ ನೋಡುತ್ತಿದ್ದಳು. "ಇಸ್ಪೀಟು ಇಷ್ಟು ನೆನಪಿರುತ್ತೆ, ಹಾಲು ನೆನಪಿರಲ್ಲ ಅಲ್ವ?" ಎಂದಳು.

"ಹಾಲಿನ ಜೊತೆ ಆಟ ಆಡೋಕಾಗಲ್ಲ ಕಣೇ."

"ಸರಿ ಹಾಗಾದ್ರೆ. ತಲೆ ಅಷ್ಟು ನೆಟ್ಟಗಿದ್ರೆ ತೋರ್ಸು. ತೋರ್ಸಿದ್ರೆ ಬೀಗದಕೈ ನಿಂದು."

ಪರೀಕ್ಷೆಯ ಬಗೆಯನ್ನು ಅಳಿಯಂದಿರೇ ಹೇಳಿದರು. ಕಟ್ಟಿನಿಂದ ಒಂದು ಎಲೆಯನ್ನು ಯಾರೂ ನೋಡದೆ ತೆಗೆದು ಮಕಾಡೆ ಇಡುವುದು. ಉಳಿದದ್ದನ್ನು ನಾನು ಒಂದೊಂದಾಗಿ ತಿರುಗಿಸಿ ಎಣಿಸುವುದು. ಲೆಕ್ಕ ಸೊನ್ನೆಗೆ ನಿಂತರೆ ತೆಗೆದಿಟ್ಟದ್ದು ನಡುವಿನ ಎಲೆ. ಒಂದು ಕೆಳಗೆ ನಿಂತರೆ ಚಿಕ್ಕದು, ಒಂದು ಮೇಲೆ ನಿಂತರೆ ದೊಡ್ಡದು. ಹೊಸದನ್ನು ಶುರುಮಾಡಲು ವಿಜಯದಶಮಿಗಿಂತ ಒಳ್ಳೆಯ ದಿನವಿಲ್ಲವೆಂದು ನಾನೇ ದಿನ ಗೊತ್ತುಮಾಡಿದೆ.

ಹಿಂದಿನ ದಿನ ಆಯುಧಪೂಜೆ. ಅಡುಗೆಮನೆಯ ಕಪಾಟಿನಲ್ಲಿರುವ ದೇವರಗೂಡಿನ ಮುಂದೆ ಈಳಿಗೆಮಣೆ, ಕತ್ತರಿ, ಅಳಿಯಂದಿರ ಕಾರಿನ ಕೀ, ವೀಣಾ ಎದೆಗೆ ಸಿಕ್ಕಿಸಿಕೊಳ್ಳುವ ಗಡಿಯಾರ, ಅವಳ ಬೀಗದಕೈ ಗೊಂಚಲು, ಎಲ್ಲವನ್ನೂ ಇಟ್ಟೆ; ಜೊತೆಗೆ ಇಸ್ಪೀಟಿನ ಕಟ್ಟನ್ನೂ ಇಟ್ಟೆ. ಆ ತಿಂಗಳು ನಾನು ದುಡಿದ ಆಯುಧ ಅದೇ ತಾನೇ? ಗಂಧ, ಕುಂಕುಮ, ಅಕ್ಷತೆ ಹಾಕಿದೆ. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವ ಹಾಗಿಲ್ಲ, ಆದ್ದರಿಂದ ಅಭ್ಯಾಸವೂ ಇಲ್ಲ. ಮಾರನೆಯ ಸಂಜೆ ವೀಣಾಳೇ ಕಟ್ಟನ್ನು ತೆಗೆದುಕೊಂಡು ಬಂದಳು.

ಎಲೆ ಕಲೆಸಿದಳು, ಒಂದನ್ನು ತೆಗೆದು ಉಪ್ಪಿನಕಾಯಿ ಭರಣಿಯ ಕೆಳಗೆ ಮಕಾಡೆ ಇಟ್ಟಳು, ಉಳಿದದ್ದನ್ನು ನನ್ನ ಕೈಗೆ ಕೊಟ್ಟಳು. ಟಿವಿ ಜೋರಾಗಿ ಹಾಕಬೇಕು, ಅಳಿಯಂದಿರು ಮಾತಾಡುತ್ತಲೇ ಇರಬೇಕು ಎಂಬುದು ಅವಳ ಷರತ್ತು. ಅವರಿಗೆ ಅದು ಕಷ್ಟದ ಕೆಲಸವಲ್ಲ. "ಅತ್ತೀ, ಇವತ್ತ ಒಬ್ಬಾಕಿ ಪೆಟ್ಟಿಗಿ ಒಳಗ ಒರಳುಕಲ್ಲು ತಂದಿದ್ಲುರೀ" ಎಂದು ಶುರುಮಾಡಿ ನಿಲ್ಲಿಸಲೇ ಇಲ್ಲ. ಒಂದು ವಿಮಾನ ಬಂತು, ಕಿಟಕಿ ಗಾಜು ನಡುಗಿತು. ನಾನು ಎಲೆ ತಿರುಗಿಸುತ್ತ ಹೋದೆ. ಮೇಲೆ, ಮೇಲೆ, ಕೆಳಗೆ, ಸುಮ್ಮನೆ, ಕೆಳಗೆ. ಲಿಫ್ಟು ಅದರ ಪಾಡಿಗೆ ಅದು ಓಡುತ್ತಿತ್ತು. ಕೊನೆಯ ಎಲೆ ಬಿತ್ತು. ಲಿಫ್ಟು ನಿಂತಿತು.

ಎರಡನೆಯ ಅಂತಸ್ತಿನಲ್ಲಿ.

ಅದು ಆಗುವ ಮಾತಲ್ಲ. ಒಂದೇ ಎಲೆ ತೆಗೆದಿರುವಾಗ ಲೆಕ್ಕ ಒಂದಕ್ಕಿಂತ ಮೇಲೆ ನಿಲ್ಲಲಾರದು. ನನಗೆ ಅದು ಗೊತ್ತಿತ್ತು. 'ದೊಡ್ಡದು' ಎಂದು ಸುಮ್ಮನೆ ಹೇಳಿಬಿಟ್ಟರೆ ಬೀಗದಕೈ ಕೈಗೆ ಬಂದೀತು ಎಂಬುದೂ ಗೊತ್ತಿತ್ತು. ಆದರೆ ನನ್ನ ತಲೆ ಎರಡು ಎನ್ನುತ್ತಿದೆ. ಅದನ್ನು ನಾನೇ ನಂಬದೆ ಮುಚ್ಚಿಟ್ಟರೆ ಇನ್ನು ಯಾರು ನಂಬಬೇಕು?

"ದೊಡ್ಡದೋ ಚಿಕ್ಕದೋ, ಹೇಳಮ್ಮ."

"ಎರಡು ದೊಡ್ಡ ಎಲೆ ಇಲ್ಲ."

"ಒಂದೇ ತೆಗೆದದ್ದು. ನೀನೇ ನೋಡಿದೆಯಲ್ಲ."

"ನೋಡಿದೆ. ಆದ್ರೂ ಎರಡಿಲ್ಲ."

ವೀಣಾ ಗಂಡನ ಮುಖ ನೋಡಿದಳು. ಭರಣಿಯ ಕೆಳಗಿನ ಎಲೆ ತಿರುಗಿಸಿದಳು, ಕಳಾವರ್ ಹತ್ತು. "ದೊಡ್ಡದೇ ನೋಡು. ಆಲ್ಮೋಸ್ಟ್ ಸರಿಯಾಗೇ ಹೇಳಿದೆ ಬಿಡಮ್ಮ" ಎಂದಳು, ಬಹಳ ಮೆತ್ತಗೆ. ಆ ದನಿ ನನಗೆ ಗೊತ್ತು. ಅಕ್ಕನ ಮನೆಯಲ್ಲಿ ಎಲ್ಲರೂ ಅದೇ ದನಿಯಲ್ಲಿ ಮಾತಾಡುತ್ತಿದ್ದರು.

"ಎಲೆ ಎಣಿಸಿ" ಎಂದೆ ಅಳಿಯಂದಿರಿಗೆ.

ಅವರು ಎಣಿಸಿದರು. ಟಿವಿ ಆರಿಸಿ ಮತ್ತೆ ಎಣಿಸಿದರು. "ಏ ವೀಣಾ, ಐವತ್ತ ಅವ. ಹತ್ತು ಸೇರಿಸಿದ್ರ ಐವತ್ತೊಂದು. ಒಂದು ಎಲಿ ಕಮ್ಮಿ ಅದಲ್ಲ?" ಜಾತಿವಾರು ಜೋಡಿಸಿದಾಗ ಆಟೀನಿನ ರಾಜ ಕಾಣಲಿಲ್ಲ. ದೊಡ್ಡ ಎಲೆ. ಅವರು ಎದ್ದು ನಿಂತು ನನಗೆ ಕೈಮುಗಿದರು. ನಾನು ಕುಣಿಯಲಿಲ್ಲ, ಆದರೆ ಕುಣಿಯಲು ಕಾಲಿದ್ದಿದ್ದರೆ ಕುಣಿಯುತ್ತಿದ್ದೆ. ಬಸ್ಸಿನ ಮುಂದಿನ ಸೀಟಿನಲ್ಲಿ ಆಗಲೇ ಕೂತುಬಿಟ್ಟಿದ್ದೆ.

ರಾಜನನ್ನು ಹುಡುಕಿದೆವು. ಸೋಫಾದ ಸಂದಿ, ಮೇಜಿನ ಕೆಳಗೆ, ಫ್ರಿಜ್ಜಿನ ಹಿಂದೆ. ದೀಪ ಹಚ್ಚಲು ಹೋದ ವೀಣಾ ಅಡುಗೆಮನೆಯಿಂದ ಕೂಗಿದಳು, "ಅಮ್ಮ, ಇಲ್ಲಿ ಬಾ."

ದೇವಿಯ ಪಟದ ಚೌಕಟ್ಟಿನ ಮೂಲೆಗೆ ಆಟೀನಿನ ರಾಜನನ್ನು ಸಿಕ್ಕಿಸಿ, ಬೀಳದಿರಲೆಂದು ಸೇವಂತಿಗೆಯ ತೊಟ್ಟೊಂದನ್ನು ಅಡ್ಡ ಕೊಟ್ಟಿತ್ತು. ಹಣೆಗೆ ಗಂಧ, ಗಂಧದ ಮೇಲೆ ಕುಂಕುಮ, ಕುಂಕುಮದ ಮೇಲೆ ಒಂದೇ ಅಕ್ಷತೆಯ ಕಾಳು. ಹಾಗೆ ಇಡುವ ಕೈ ಈ ಮನೆಯಲ್ಲಿ ಒಂದೇ. ನೋಡಿ, ನಾನು ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ: ಕಟ್ಟಿಗೆ ಪೂಜೆ ಮಾಡಿದ್ದು ನೆನಪಿದೆ. ರಾಜನನ್ನು ಬೇರೆ ತೆಗೆದದ್ದು, ಅಲ್ಲಿ ಸಿಕ್ಕಿಸಿದ್ದು ನೆನಪಿಲ್ಲ. ಇವತ್ತಿಗೂ ಇಲ್ಲ.

ಮೂವರೂ ನಿಂತಿದ್ದೆವು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಆ ಕೇಳದಿರುವುದು ಶುರುವಾಗುವುದನ್ನು ನಾನು ಕಿವಿಯಾರೆ ಕೇಳಿದೆ, ಮತ್ತು ಅದಕ್ಕೆ ಮೊದಲು ನಾನೇ ಬಾಯಿ ತೆರೆಯಬೇಕೆಂದು ನಿಶ್ಚಯಿಸಿದೆ. ಎಣಿಸಿದ್ದು ಸರಿ, ಇಟ್ಟದ್ದು ಮರೆತಿದೆ. ಎರಡೂ ಇದೇ ತಲೆ. ಒಂದನ್ನು ಹಿಡಿದು ಇನ್ನೊಂದನ್ನು ಅಲ್ಲಗಳೆಯುವುದಕ್ಕೆ ಆಗುವುದಿಲ್ಲ.

"ಇಟ್ಟವಳು ನಾನೇ. ನೆನಪಿಲ್ಲ" ಎಂದೆ. "ನಾಳೆ ಜಿಪಿಗೆ ಫೋನ್ ಮಾಡು, ಬರ್ತೀನಿ. ಬೀಗದಕೈ ಈಗಲೇ ಕೊಡು."

"ಎರಡೂ ಒಟ್ಟಿಗೆ ಹೇಗಮ್ಮ?"

"ಹದಿನಾರು ಬಂದಿದೆ ಕಣೇ. ನಿಂತ್ರೆ ಉಳೀತೀನಿ ಅಂತ ಏನಿಲ್ಲ. ಎಲೆ ಕೇಳ್ತಿದೀನಿ."

ಅವಳಿಗೆ ಅರ್ಥವಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಳಿಯಂದಿರು ನಕ್ಕುಬಿಟ್ಟರು. "ಕೊಡು ಕೊಡು. ಹಾಳಿಯೊಳಗ ಹಂಗ ಅದ."

ಗೊಂಚಲಿನ ಬಳೆ ಬಿಗಿಯಾಗಿತ್ತು. ವೀಣಾ ಉಗುರು ಮುರಿದುಕೊಂಡು ನನ್ನ ಬೀಗದಕೈ ಬಿಡಿಸಿದಳು. ಅದರ ಮೇಲೂ ಪೂಜೆಯ ಕುಂಕುಮ ಇತ್ತು. ಅವಳು ಒರೆಸಲು ಹೋದಳು, ನಾನು ಹಾಗೇ ಇಸಿದುಕೊಂಡೆ. "ಹಾಲು ಮಾತ್ರ ಬಿಟ್ಟು ಎಲ್ಲೂ ಹೋಗಬೇಡ" ಎಂದಳು, ತನ್ನ ಎಂದಿನ ಗಡಸು ದನಿಯಲ್ಲಿ. ಆ ದನಿ ಕೇಳಿ ನನಗೆ ಹಿತವಾಯಿತು.

ಜಿಪಿಯ ಬಳಿಗೆ ಮುಂದಿನ ವಾರ ಹೋಗಬೇಕು. ಅಲ್ಲಿ ಯಾವ ಎಲೆ ತಿರುಗುತ್ತದೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಹೌನ್ಸ್ಲೋಗೆ ಮಾತ್ರ ಹೋಗಿಬಂದೆ. ಅವರೆಕಾಯಿ ಸಿಕ್ಕಲಿಲ್ಲ, ಮುಂದಿನ ಸೀಟು ಸಿಕ್ಕಿತು. ರಾಜನ ಬೆನ್ನಿಗೂ ಗಂಧ ಹತ್ತಿರುವುದರಿಂದ ಮಕಾಡೆ ಇಟ್ಟರೂ ಗುರುತು ಸಿಗುತ್ತದೆ. ಅಂಥ ಕಟ್ಟು ಕ್ಯಾಸಿನೋಗೆ ನಡೆಯುವುದಿಲ್ಲವೆಂದು ಅಳಿಯಂದಿರು ಬೇರೆ ತಂದರು, ಇದು ನನಗೇ ಉಳಿಯಿತು. ದೀಪಾವಳಿಯ ಹಸಿರು ಮೇಜಿಗೆ ಕಾಯುತ್ತಿದ್ದೇನೆ.

ಅಲ್ಲಿಯವರೆಗೆ ಬೆಳಿಗ್ಗೆ ಹಾಲಿಟ್ಟು, ಒಲೆಯ ಪಕ್ಕದ ಕಟ್ಟೆಯ ಮೇಲೆ ಎಲೆ ತಿರುಗಿಸುತ್ತ ನಿಂತಿರುತ್ತೇನೆ. ಉರಿ ಸಣ್ಣಗಿಟ್ಟರೆ ಹಾಲು ಅಂಚಿಗೆ ಏರುವ ಹೊತ್ತಿಗೆ ಲಿಫ್ಟು ಸೊನ್ನೆಗೆ ಬಂದು ನಿಲ್ಲುತ್ತದೆ, ನಾನು ಒಲೆ ಆರಿಸುತ್ತೇನೆ. ಕೆಲವು ದಿನ ಹಾಲು ಮುಂದೆ, ಕೆಲವು ದಿನ ನಾನು. ಪಾತ್ರೆಯ ತಳದ ಕಲೆ ಹಾಗೆಯೇ ಇದೆ. ಅದನ್ನು ತಿಕ್ಕುವುದನ್ನು ಬಿಟ್ಟಿದ್ದೇನೆ. ಅದರ ಮೇಲೆಯೇ ಹಾಲು ದಿನವೂ ಬೆಳ್ಳಗೆ ಏರುತ್ತದೆ.